ಬಳ್ಳಾರಿ ಮತ್ತು ಕಲ್ಲೀಕೋಟೆ: ಮನೆಬಾಗಿಲಿನ ಶುಶ್ರೂಷೆಯ ಎರಡು ಪ್ರಯೋಗಗಳು

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಔಷಧಗಳ ಶೋಧವನ್ನೂ ಆಸ್ಪತ್ರೆಗಳ ಸ್ಥಾಪನೆಯನ್ನೂ ವಿಸ್ತಾರವಾಗಿ ನಿರೂಪಿಸುತ್ತಾರೆ. ರೋಗಿಯ ಮನೆಗೆ ನಡೆದುಹೋದ ದಾದಿ, ಆರೋಗ್ಯ ಸಹಾಯಕ, ಊರಿನ ಸ್ವಯಂಸೇವಕ, ಇವರ ಪ್ರಸ್ತಾಪ ಅಲ್ಲಿ ವಿರಳ. ಆದರೆ ಮನಸ್ಸಿನ ಖಿನ್ನತೆ, ಗುಣವಾಗದ ರೋಗದ ಅಂತ್ಯಕಾಲ ಎಂಬ ಎರಡು ಸಂದರ್ಭಗಳಲ್ಲಿ ಆರೈಕೆಯ ಚರಿತ್ರೆಯು ಬಹುಮಟ್ಟಿಗೆ ಇವರ ಚರಿತ್ರೆಯೇ ಆಗಿದೆ. ದಕ್ಷಿಣ ಭಾರತದ ಎರಡು ಪ್ರಯೋಗಗಳ ಮೂಲಕ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೋರೋಗಿಯನ್ನು ಗೋಡೆಗಳೊಳಗೆ ಇರಿಸುವುದೇ ಚಿಕಿತ್ಸೆಯೆಂಬ ಭಾವನೆಯು 19ನೆಯ ಶತಮಾನದಿಂದ ಬೇರೂರಿತ್ತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮರುವರ್ಷ ಅಲ್ಲಿ ಸಮುದಾಯ ಮನೋವೈದ್ಯ ಘಟಕವು ಆರಂಭವಾಯಿತು. ನಗರದ ಹೊರಗಣ ಸಕಲವಾರದ ಕೇಂದ್ರದಲ್ಲಿ ಗ್ರಾಮಾಂತರದ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವೀಯುವ ಕ್ರಮವು ರೂಪುಗೊಂಡಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಂಗೀಕೃತವಾದ ಮೇಲೆ, ಆ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯು ಈ ಕ್ರಮದ ಪರೀಕ್ಷಾಭೂಮಿಯಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತನು ರೋಗಿಯನ್ನು ಗುರುತಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನು ಕೆಲವೇ ಔಷಧಗಳಿಂದ ಚಿಕಿತ್ಸೆ ನಡೆಸಬೇಕು. ರೋಗಿಯು ಔಷಧವನ್ನು ನಡುವೆ ಬಿಡದಂತೆ ಕಾರ್ಯಕರ್ತನೇ ನೋಡಿಕೊಳ್ಳಬೇಕು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೂ ಇಂಥ ಯೋಜನೆಗಳಲ್ಲಿ ತೀವ್ರ ಮನೋವಿಕಾರ, ಅಪಸ್ಮಾರ ಮುಂತಾಗಿ ಕಣ್ಣಿಗೆ ಬೀಳುವ ವ್ಯಾಧಿಗಳಿಗೆ ದೊರೆತ ಗಮನವು ಮೌನವಾಗಿ ಕುಗ್ಗಿಸುವ ಖಿನ್ನತೆಗೆ ದೊರೆಯಲಿಲ್ಲ.

ಎರಡನೆಯ ಪ್ರಯೋಗದ ಮೂಲವು ಲಂಡನ್ನಿನಲ್ಲಿದೆ. ದಾದಿಯಾಗಿಯೂ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿಯೂ ದುಡಿದು ಬಳಿಕ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಅಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುಶ್ರೂಷಾಲಯವನ್ನು ತೆರೆದರು. ಸಾಯುವವನ ನೋವು ಕೇವಲ ದೇಹದ್ದಲ್ಲ. ಅದರಲ್ಲಿ ಮನಸ್ಸು, ಸಂಸಾರ, ಶ್ರದ್ಧೆ ಎಲ್ಲವೂ ಬೆರೆತಿವೆಯೆಂಬುದು ಅವರ ಪ್ರತಿಪಾದನೆ. ಭಾರತದಲ್ಲಿ ಈ ವಿಚಾರವು 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಆಶ್ರಮದ ರೂಪದಲ್ಲಿ ಕಟ್ಟಡವನ್ನು ಪಡೆಯಿತು. ಕಲ್ಲೀಕೋಟೆಯಲ್ಲಿ ಕಟ್ಟಡವನ್ನು ದಾಟಿತು. ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಹುಟ್ಟುಹಾಕಿದ ಸಂಘವು ಬಹುಬೇಗ ಒಂದು ಸತ್ಯವನ್ನು ಕಂಡುಕೊಂಡಿತು: ಹಾಸಿಗೆ ಹಿಡಿದವನು ಆಸ್ಪತ್ರೆಗೆ ಬರಲಾರ. ಇದರ ಫಲವಾಗಿ ಮಲಬಾರಿನಲ್ಲಿ ನೆರೆಹೊರೆಯ ಜಾಲವು ಬೆಳೆಯಿತು. ತರಬೇತು ಪಡೆದ ಸ್ವಯಂಸೇವಕರೂ ದಾದಿಯರೂ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರವು ಇದನ್ನು ತನ್ನ ನೀತಿಯಾಗಿ ಸ್ವೀಕರಿಸಿ, ಸ್ಥಳೀಯ ಸಂಸ್ಥೆಗಳ ಹೊಣೆಯನ್ನಾಗಿ ಮಾಡಿತು.

ಈ ಎರಡು ಪ್ರಯೋಗಗಳಿಗೆ ಭೇದವುಂಟು. ಬಳ್ಳಾರಿಯ ಕಾರ್ಯಕರ್ತನು ಸರ್ಕಾರದ ನೌಕರ. ಕಲ್ಲೀಕೋಟೆಯ ಸ್ವಯಂಸೇವಕನು ನೆರೆಯವನು. ಒಬ್ಬನು ಮನಸ್ಸಿನ ರೋಗವನ್ನು ಅರಸಿ ಹೋದನು. ಇನ್ನೊಬ್ಬನು ದೇಹದ ನೋವನ್ನು. ಸಾಯುವವನ ಖಿನ್ನತೆಯು ಇವೆರಡರ ನಡುವೆ ಉಳಿದುಬಿಡುವ ಭಯವಿದೆ.

ಮರಣದ ಮುಂದೆ ದುಃಖಿಸುವುದು ಸಹಜವಲ್ಲವೇ, ಅದಕ್ಕೆ ಚಿಕಿತ್ಸೆಯೇಕೆ ಎಂದು ಕೇಳಬಹುದು. ದುಃಖವು ಸಹಜ, ಖಿನ್ನತೆಯು ಬೇರೆ. ನಿದ್ರಾಹಾನಿ, ಅರುಚಿ, ಆಯಾಸಗಳು ರೋಗದಿಂದಲೇ ಬರುವುದರಿಂದ ಅವುಗಳಿಂದ ನಿರ್ಣಯ ಕಷ್ಟ. ಮೊಮ್ಮಗುವನ್ನು ಕಂಡರೂ ಮುಖ ಅರಳದಿರುವುದು, ತಾನು ಮನೆಗೆ ಹೊರೆಯೆಂದು ಸದಾ ಹಲುಬುವುದು, ಇವು ಖಿನ್ನತೆಯ ಕುರುಹುಗಳಾಗಬಹುದು. ಅಂತ್ಯಕಾಲದಲ್ಲಿಯೂ ಇದಕ್ಕೆ ಚಿಕಿತ್ಸೆಯುಂಟು. ಆದರೆ ಹತ್ತು ನಿಮಿಷ ನೋಡುವ ವೈದ್ಯನಿಗಿಂತ ವಾರವಾರವೂ ಜಗಲಿಯಲ್ಲಿ ಕುಳಿತೇಳುವ ದಾದಿಗೆ ಇವು ಮೊದಲು ಕಾಣುತ್ತವೆ. ವೈದ್ಯರಲ್ಲದವರೂ ಶಿಕ್ಷಣ ಪಡೆದು ಖಿನ್ನತೆಯ ಆರೈಕೆಯಲ್ಲಿ ಉಪಯುಕ್ತರಾಗಬಲ್ಲರೆಂಬುದಕ್ಕೆ, ಗೋವೆಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವು ಸಾಕ್ಷಿಯಾಗಿದೆ.

ಆದುದರಿಂದ ಬಳ್ಳಾರಿಯ ವಿದ್ಯೆಯೂ ಕಲ್ಲೀಕೋಟೆಯ ನೆರೆತನವೂ ಒಬ್ಬಳೇ ಕಾರ್ಯಕರ್ತೆಯಲ್ಲಿ ಕೂಡಬೇಕಾಗಿದೆ. ಹೊಸ ಕಟ್ಟಡಗಳಿಗಿಂತ ಇದು ಅಲ್ಪವ್ಯಯದ ಕಾರ್ಯ. ಆದರೆ ಆಕೆಗೆ ಶಿಕ್ಷಣ, ತಕ್ಕ ವೇತನ, ಕರೆದಾಗ ಒದಗುವ ವೈದ್ಯನ ಬೆಂಬಲ ಇವಿಲ್ಲದೆ ಹೊಣೆಯನ್ನು ಮಾತ್ರ ಹೊರಿಸಿದರೆ, ಈ ಎರಡು ಪ್ರಯೋಗಗಳ ಚರಿತ್ರೆಯಿಂದ ನಾವು ಏನನ್ನೂ ಕಲಿತಂತಾಗುವುದಿಲ್ಲ.