ಕೆಲಸ ಹುಡುಕುವವರ ಅಡುಗೆಮನೆ

ಬ್ರಿಟನ್ನಿನಲ್ಲಿ ‘ಇಂಡಿಯನ್ ರೆಸ್ಟೋರೆಂಟ್’ ಎಂದು ಹಲಗೆ ಹಾಕಿಕೊಂಡ ಹೋಟೆಲುಗಳಲ್ಲಿ ಬಹುಪಾಲನ್ನು ನಡೆಸಿಕೊಂಡು ಬಂದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯವರು. ಅವರ ಚರಿತ್ರೆಯನ್ನು ಸಾಮಾನ್ಯವಾಗಿ ರುಚಿಯ ಕಥೆಯಾಗಿ ಹೇಳುತ್ತಾರೆ: ಆಂಗ್ಲರಿಗೆ ಮಸಾಲೆ ಹಿಡಿಸಿತು, ಹೋಟೆಲುಗಳು ಹೆಚ್ಚಿದವು. ಈ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಹಡಗು ಬಿಟ್ಟು ಓಡಿಬಂದ ಸಿಲ್ಹೆಟ್ಟಿನ ನಾವಿಕನಿಗೆ ನೌಕರಿ ಸಿಗುವ ತನಕ ಅನ್ನ ಹಾಕಿದ ಅಡುಗೆಮನೆಗಳೇ ಮುಂದೆ ನೌಕರಿ ಕೊಡುವ ಅಡುಗೆಮನೆಗಳೂ ಆದವು. ಗಿರಾಕಿಯ ರುಚಿ ಆಮೇಲೆ ಬಂದದ್ದು.

ಸಿಲ್ಹೆಟ್ಟಿಗೆ ಸಮುದ್ರವಿಲ್ಲ, ಆದರೆ ಸುರ್ಮಾ, ಕುಶಿಯಾರಾ ನದಿಗಳಿವೆ. ಆ ನದಿಗಳ ಸ್ಟೀಮರುಗಳಲ್ಲಿ ದುಡಿದು ಪಳಗಿದ ರೈತರ ಮಕ್ಕಳು ಕಲ್ಕತ್ತೆಯ ಖಿದಿರ್‌ಪುರ ಬಂದರಿಗೆ ಬಂದು, ಅಲ್ಲಿನ ವಸತಿಮನೆಗಳಲ್ಲಿ ಸಾಲದ ಮೇಲೆ ಉಣ್ಣುತ್ತ, ಹಡಗಿಗೆ ಆಳುಗಳನ್ನು ಆರಿಸುವ ಸಾರಂಗ ಎಂಬ ಮುಖ್ಯಸ್ಥನ ಕೃಪೆಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಹಡಗಿನಲ್ಲಿ ಅವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಎಂಜಿನ್ನಿನ ಕೋಣೆ, ಬೆಂಕಿಯ ಮುಂದೆ ಕಲ್ಲಿದ್ದಲು ತುಂಬುವ ಕೆಲಸ. ಸಂಬಳ ಬಿಳಿಯ ನಾವಿಕನಿಗಿಂತ ಎಷ್ಟೋ ಕಡಿಮೆ. ಕರಾರಿನ ಪ್ರಕಾರ ಬ್ರಿಟನ್ನಿನಲ್ಲಿ ಕೆಲಸ ಬಿಟ್ಟು ಇಳಿಯುವಂತಿರಲಿಲ್ಲ. ಅದಕ್ಕೇ ಅನೇಕರು ಲಂಡನ್ ಬಂದರಿನಲ್ಲಿ ರಾತ್ರೋರಾತ್ರಿ ತಲೆತಪ್ಪಿಸಿಕೊಂಡರು. ಗಮನಿಸಬೇಕಾದದ್ದು, ಊಟ ಹಾಕುವ ಮನೆ ಮತ್ತು ಕೆಲಸ ಸಿಗುವ ದಾರಿ ಅವರ ಅನುಭವದಲ್ಲಿ ಖಿದಿರ್‌ಪುರದಲ್ಲೇ ಒಂದಾಗಿದ್ದವು. ಲಂಡನ್ನಿನಲ್ಲಿ ಅದೇ ಏರ್ಪಾಡು ಮತ್ತೆ ಹುಟ್ಟಿತು, ಆದರೆ ಈ ಸಲ ಸುಲಿಗೆಯ ಜಾಗದಲ್ಲಿ ಊರಿನವರ ಅಕ್ಕರೆಯಿತ್ತು.

ಇದಕ್ಕೆ ಅತ್ಯುತ್ತಮ ಸಾಕ್ಷಿ ‘ಮಾಸ್ಟರ್’ ಎಂದೇ ಹೆಸರಾದ ಅಯೂಬ್ ಅಲಿ. ತಾನೂ ಹಡಗು ಬಿಟ್ಟು ಬಂದಿದ್ದ ಈತ ಪೂರ್ವ ಲಂಡನ್ನಿನ ಸ್ಯಾಂಡಿಸ್ ರೋ ಬೀದಿಯ 13ನೇ ನಂಬರಿನ ಮನೆಯನ್ನು ಊರಿನವರಿಗೆ ತೆರೆದಿಟ್ಟ. ಹೊಸದಾಗಿ ಬಂದವನಿಗೆ ಅಲ್ಲಿ ಅನ್ನ, ಮಲಗಲು ಜಾಗ; ಪೊಲೀಸ್ ಠಾಣೆಯಲ್ಲಿ ಮತ್ತು ಇಂಡಿಯಾ ಹೌಸ್ ಎಂಬ ಭಾರತ ಸರ್ಕಾರದ ಕಚೇರಿಯಲ್ಲಿ ಹೆಸರು ಬರೆಸಲು ಸಹಾಯ; ಊರಿಗೆ ಕಾಗದ ಬರೆಯುವುದು, ದುಡ್ಡು ಕಳಿಸುವುದು ಎಲ್ಲವೂ ಅಲ್ಲೇ. 1925ರ ಆದೇಶವೊಂದು ಕಪ್ಪು-ಕಂದು ಬಣ್ಣದ ನಾವಿಕರನ್ನು, ಬ್ರಿಟಿಷ್ ಪ್ರಜೆಗಳೆಂದು ದಾಖಲೆ ತೋರಿಸದಿದ್ದರೆ, ಪರದೇಶಿಗಳೆಂದು ನೋಂದಾಯಿಸುತ್ತಿದ್ದ ಕಾಲ ಅದು. ಕಾಗದಪತ್ರದ ನೆರವು ಅನ್ನದಷ್ಟೇ ಅಗತ್ಯವಾಗಿತ್ತು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಯೂಬ್ ಅಲಿ ನಡೆಸಿದ ಷಾಜಲಾಲ್ ಕಾಫಿ ಹೌಸೂ ಇಂಥದೇ ಕೂಡುತಾಣ. ಯಾವ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು ಬೇಕಾಗಿದ್ದಾನೆ, ಯಾವ ದರ್ಜಿ ಅಂಗಡಿಯಲ್ಲಿ ಇಸ್ತ್ರಿಗೆ ಆಳು ಬೇಕು ಎಂಬ ಸುದ್ದಿ ಇಂಥ ಊಟದ ಮೇಜುಗಳಲ್ಲೇ ಕೈಯಿಂದ ಕೈಗೆ ದಾಟುತ್ತಿತ್ತು. 1943ರಲ್ಲಿ ಅಯೂಬ್ ಅಲಿ ಮತ್ತು ಷಾ ಅಬ್ದುಲ್ ಮಜೀದ್ ಖುರೇಷಿ ಸೇರಿ ಭಾರತೀಯ ನಾವಿಕರ ಕ್ಷೇಮಾಭಿವೃದ್ಧಿ ಸಂಘವನ್ನೇ ಕಟ್ಟಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಲಂಡನ್ನಿನಲ್ಲಿ ಭಾರತೀಯ ಊಟ ಇದಕ್ಕಿಂತ ಹಳೆಯದಲ್ಲವೇ? ನಿಜ. ಪಟ್ನಾದ ದೀನ್ ಮಹಮ್ಮದ್ 1810ರಲ್ಲೇ ಹಿಂದೂಸ್ತಾನಿ ಕಾಫಿ ಹೌಸ್ ತೆರೆದಿದ್ದ, 1812ರಲ್ಲಿ ದಿವಾಳಿಯಾದ. ರೀಜೆಂಟ್ ಸ್ಟ್ರೀಟಿನ ವೀರಸ್ವಾಮಿ ಹೋಟೆಲು 1926ರದು. ಆದರೆ ಇವು ಇಂಡಿಯಾದಲ್ಲಿ ದರ್ಬಾರು ನಡೆಸಿ ಮರಳಿದ ಸಾಹೇಬರಿಗಾಗಿ ತೆರೆದವು. ಸಿಲ್ಹೆಟ್ಟಿನವರು ವೀರಸ್ವಾಮಿಯಂಥ ಕಡೆ ಕೂಲಿಗೆ ಸೇರಿ, ಸಾಹೇಬರಿಗೆ ಒಗ್ಗುವ ಅಡುಗೆಯನ್ನು ಅಲ್ಲಿ ಕಲಿತರು. ತಮ್ಮ ಸ್ವಂತ ಹೋಟೆಲು ಹಾಕಿದಾಗಲೂ ಮೆನುವಿನಲ್ಲಿ ಬಂದದ್ದು ಕೋರ್ಮಾ, ಮದ್ರಾಸ್, ವಿಂಡಾಲು. ಸಿಲ್ಹೆಟ್ಟಿನ ಒಣಮೀನು, ಹುಳಿಗೆ ಹಾಕುವ ಸಾತ್ಕೊರಾ ಕಾಯಿ, ತೆಳ್ಳನೆಯ ಮೀನುಸಾರು ಹಿಂದಿನ ಕೋಣೆಯಲ್ಲೇ ಉಳಿದವು. ಗಿರಾಕಿಗಳು ಹೋದ ಮೇಲೆ ಕೆಲಸಗಾರರು ಕೂತು ಉಣ್ಣುವುದು ಅದನ್ನು. ಮನೆಯ ಅಡುಗೆಯ ರುಚಿಯೇ ಈ ವ್ಯಾಪಾರವನ್ನು ಬೆಳೆಸಿದ್ದರೆ ಅದು ಮುಂದಿನ ಮೇಜಿಗೆ ಬರಬೇಕಿತ್ತು. ಬರಲಿಲ್ಲ. ಊರಿನಲ್ಲಿ ಎಂದೂ ಒಲೆ ಹೊತ್ತಿಸದ ಗಂಡಸರು, ಹೆಂಡತಿ ಮಕ್ಕಳು ಸಾವಿರಾರು ಮೈಲಿ ದೂರವಿದ್ದಾಗ, ತಮಗಾಗಿ ಬೇಯಿಸಿಕೊಂಡದ್ದು ಅದು. ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದೂ ಅದೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಹೋಟೆಲುಗಳ ಬೆಳವಣಿಗೆ ವೇಗವಾಯಿತು. ಮೀನು-ಚಿಪ್ಸ್ ಅಂಗಡಿಗಳನ್ನು ಕೊಂಡು, ಮೊದಲು ಚಿಪ್ಸಿನ ಪಕ್ಕದಲ್ಲೇ ಅನ್ನ-ಸಾರು ಇಟ್ಟು, ಪಬ್ಬುಗಳು ಮುಚ್ಚುವ ಹೊತ್ತಿಗೂ ಬಾಗಿಲು ತೆರೆದಿಟ್ಟರು. 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ ಬಂದಾಗ ಈ ಅಡುಗೆಮನೆಗಳ ನಿಜವಾದ ಬೆಲೆ ತಿಳಿಯಿತು. ಇನ್ನು ಮುಂದೆ ಬರಬೇಕೆಂದರೆ ಉದ್ಯೋಗದ ವೋಚರು ಬೇಕು. ಊರಿನ ಹುಡುಗನಿಗೆ ‘ನನ್ನಲ್ಲಿ ಕೆಲಸವಿದೆ’ ಎಂದು ಬರೆದುಕೊಡಬಲ್ಲವನು ಹೋಟೆಲು ಇಟ್ಟ ಅಣ್ಣನೋ ಚಿಕ್ಕಪ್ಪನೋ ಆಗಿದ್ದ.

ಇದು ಬಲೆಯೂ ಆಗಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತನ್ನು ತಳ್ಳಿಹಾಕಲಾಗದು. ಹೊತ್ತುಗೊತ್ತಿಲ್ಲದ ದುಡಿಮೆ, ಕಡಿಮೆ ಕೂಲಿ, ಇಂಗ್ಲಿಷ್ ಕಲಿಯಲು ಬಿಡುವಿಲ್ಲ, ಮಾಲೀಕ ನೆಂಟನೇ ಆದ್ದರಿಂದ ಎದುರಾಡುವ ಹಾಗಿಲ್ಲ. ಎಷ್ಟೋ ಜನರ ಆಯುಸ್ಸು ಈರುಳ್ಳಿ ಹೆಚ್ಚುವುದರಲ್ಲೇ ಕಳೆಯಿತು. ಆದರೆ ಹೊರಗೆ ತೆರೆದಿದ್ದ ಬಾಗಿಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವು ಬಹಳ ಕಡಿಮೆ, ಇದ್ದವೂ ಬಣ್ಣ ನೋಡಿ ಮುಚ್ಚಿಕೊಳ್ಳುತ್ತಿದ್ದವು. ಇಂದು ಆ ಹೋಟೆಲುಗಳಿಗೆ ಅಡುಗೆಯವರು ಸಿಗುತ್ತಿಲ್ಲ, ಅನೇಕವು ಮುಚ್ಚುತ್ತಿವೆ, ಮಾಲೀಕರ ಮಕ್ಕಳು ಓದಿ ಬೇರೆ ವೃತ್ತಿ ಹಿಡಿದಿದ್ದಾರೆ. ರುಚಿಯ ಕಥೆ ಹೇಳುವವರಿಗೆ ಇದು ಅವನತಿ. ನೌಕರಿ ಹುಡುಕಿ ಬಂದವರ ಕಡೆಯಿಂದ ನೋಡಿದರೆ, ಅಪ್ಪಂದಿರು ಆ ಒಲೆಗಳ ಮುಂದೆ ನಿಂತದ್ದೇ ಮಕ್ಕಳು ಅಲ್ಲಿ ನಿಲ್ಲದಿರಲಿ ಎಂದು. ಅದನ್ನು ಸೋಲು ಎನ್ನುವುದು ತಪ್ಪು.