ಹಳೇ ಯಂತ್ರಕ್ಕೆ 'ವೈದ್ಯಕೀಯ ಬಳಕೆಗೆ' ಅಂತ ಬರೆದರೆ ಪೇಟೆಂಟ್ ಸಿಗುತ್ತಾ?

ಬೆಳೆಗೆ ಔಷಧಿ ಹೊಡೆಯೋ ಬೆನ್ನಿನ ಪಂಪ್ ಕೊರೊನಾ ಟೈಮಲ್ಲಿ ಬೀದಿಗೆ ಸೋಂಕುನಿವಾರಕ ಸಿಂಪಡಿಸೋಕೆ ಬಂದಿದ್ದು ನೆನಪಿರಬಹುದು. ಪಂಪ್ ಅದೇ, ಕೆಲಸ ಬೇರೆ. ಅದೇ ಪಂಪಿಗೆ 'ಆಸ್ಪತ್ರೆ ವಾರ್ಡ್ ಶುದ್ಧಿಗೆ' ಅಂತ ಬರೆದು ಯಾರಾದರೂ ಪೇಟೆಂಟ್ ಕೇಳಿದ್ದರೆ ಸಿಗುತ್ತಿತ್ತಾ? ಇಲ್ಲ.

ಕಾರಣ, 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ). ಇದು ಔಷಧಿ ಕಂಪನಿಗಳಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಆದರೆ ಗೊತ್ತಿರುವ ಯಂತ್ರ, ಉಪಕರಣವನ್ನು ಬರೀ ಬಳಸುವುದು ಕೂಡ ಆವಿಷ್ಕಾರವಲ್ಲ ಅಂತ ಅದರಲ್ಲೇ ಇದೆ.

ಬೇರೆ ದೇಶದಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಅಮೆರಿಕದಲ್ಲಿ ಶ್ರೈಬರ್ ಎಂಬುವರು ಪಾಪ್‌ಕಾರ್ನ್ ಸ್ವಲ್ಪ ಸ್ವಲ್ಪವೇ ಉದುರಿಸುವ, ಆಲಿಕೆ ಆಕಾರದ ಮುಚ್ಚಳಕ್ಕೆ ಪೇಟೆಂಟ್ ಕೇಳಿದ್ದರು. ಅಂಥದ್ದೇ ಆಕಾರದ, ಎಣ್ಣೆ ಡಬ್ಬಿಗೆ ಹಾಕೋ ಮೂತಿ ಹಳೇ ಸ್ವಿಸ್ ಪೇಟೆಂಟಿನಲ್ಲಿತ್ತು. 'ಅದು ಎಣ್ಣೆಗೆ, ಇದು ಪಾಪ್‌ಕಾರ್ನ್‌ಗೆ' ಅನ್ನೋ ವಾದವನ್ನು 1997ರಲ್ಲಿ ಕೋರ್ಟ್ ಒಪ್ಪಲಿಲ್ಲ. ವೈದ್ಯಕೀಯ ಸಾಧನಗಳ ಅರ್ಜಿಗೂ ಅಲ್ಲಿ ಅದೇ ಅಳತೆಗೋಲು.

ಹಾಗಾದ್ರೆ ಯಾವುದಕ್ಕೆ ಸಿಗುತ್ತೆ? ಆಫ್ರಿಕಾದ ಮಲಾವಿಯಲ್ಲಿ ಉಸಿರಾಡಲು ಕಷ್ಟಪಡುವ ನವಜಾತ ಶಿಶುಗಳಿಗೆ ಬಳಸಿದ 'ಪುಮಾನಿ' ಅನ್ನೋ ಯಂತ್ರವಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಶುರು ಮಾಡಿದ್ದು ಮೀನಿನ ತೊಟ್ಟಿಗೆ ಗಾಳಿ ಬಿಡೋ ಪಂಪಿನಿಂದ! ಇಂಥದ್ದನ್ನು ನಮ್ಮಲ್ಲಿ ಯಾರಾದರೂ ಮಾಡಿದರೆ, 'ಮೀನಿನ ಪಂಪನ್ನು ಮಗುವಿಗೆ ಬಳಸಿದೆ' ಅನ್ನೋದು ಸಾಲಲ್ಲ. ಒತ್ತಡ ಮಿತಿ ಮೀರದಂತೆ ತಡೆಯುವ ಭಾಗವೋ, ಜೋಡಣೆಯೋ ಹೊಸದಾಗಿರಬೇಕು. ಆ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದೂ ಆಗಿರಬಾರದು. ಅರ್ಜಿಯಲ್ಲಿ ಆ ಬದಲಾವಣೆಯನ್ನೇ ಬರೀಬೇಕು. ಇನ್ನು 'ಹೀಗೆ ಇಷ್ಟು ನಿಮಿಷ ಚಿಕಿತ್ಸೆ ಕೊಡುವ ವಿಧಾನ' ಅಂತ ಬರೆದರೆ ಸೆಕ್ಷನ್ 3(ಐ) ಅಡ್ಡ ಬರುತ್ತೆ. ಸಾಧನಕ್ಕೆ ಪೇಟೆಂಟ್ ಉಂಟು, ಚಿಕಿತ್ಸಾ ವಿಧಾನಕ್ಕೆ ಇಲ್ಲ.

ತಮಾಷೆ ಅಂದ್ರೆ, ಪೇಟೆಂಟ್ ಕಚೇರಿಯಲ್ಲಿ ಬೆಲೆ ಇಲ್ಲದ ಆ 'ಉದ್ದೇಶಿತ ಬಳಕೆ' ಅನ್ನೋ ಪದಕ್ಕೆ ಲೈಸೆನ್ಸ್ ವಿಷಯದಲ್ಲಿ ಭಾರೀ ತೂಕ. ರೋಗ ಪತ್ತೆಗೆ, ಚಿಕಿತ್ಸೆಗೆ ಅಂತ ಹೇಳಿ ಸಾಧನ ತಯಾರಿಸಿ ಮಾರಿದರೆ 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ವರ್ಗ ಮಾಡ್ತಾರೆ. ಅಂದರೆ ಡಬ್ಬಿ ಮೇಲೆ ಒಂದು ಸಾಲು ಬರೆದಿದ್ದಕ್ಕೆ ಪೇಟೆಂಟ್ ಬರದಿದ್ದರೂ ನೋಟಿಸ್ ಬರಬಹುದು.

ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಹಾಕಿದರೆ ಅರ್ಜಿ ಶುಲ್ಕ 1,600 ರೂ., ಪರಿಶೀಲನೆಗೆ ಬೇರೆ 4,000 ರೂ. ಏಜೆಂಟರ ಫೀಸು ಇದರ ಮೇಲೆ. ಕೆಲಸ ಪೂರ್ತಿ ಮುಗಿದಿಲ್ಲ ಅಂದ್ರೆ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಕೊಡಬಹುದು.

ಅರ್ಜಿಗೆ ಮೊದಲೇ ಸಾಧನದ ವಿಡಿಯೊ ಫೇಸ್‌ಬುಕ್ಕಿಗೆ ಹಾಕಿದರೆ ಹೊಸತನವೇ ಹೋಯಿತು ಅನ್ನಬಹುದು. ನಮ್ಮಂಥ ವರದಿಗಾರರಿಗೂ ಅರ್ಜಿ ನಂಬರ್ ಬಂದ ಮೇಲೇ ಫೋಟೊ ಕಳಿಸಿ.