ಮಾಡ್ಯುಲರ್ ಸಿಂಥಸೈಜರ್‌ನ ವಿದ್ಯುತ್ ಪೂರೈಕೆ

ಬಿಡಿ ಘಟಕಗಳನ್ನು ಜೋಡಿಸಿ ಕಟ್ಟುವ ಎಲೆಕ್ಟ್ರಾನಿಕ್ ವಾದ್ಯವೊಂದಕ್ಕೆ ಸ್ಥಿರವಾದ ಡಿ.ಸಿ. ವಿದ್ಯುತ್ ಹಂಚುವ ವ್ಯವಸ್ಥೆ. ಈ ವಾದ್ಯವನ್ನು 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಬೇರೆಬೇರೆಯಾಗಿ ರೂಪಿಸಿದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ವಾದ್ಯವೊಂದನ್ನು ಸ್ಥಾಪಿಸಲಾಯಿತು. ಈಗ ವ್ಯಾಪಕವಾಗಿರುವುದು ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದಲ್ಲಿ ತಂದ ಯೂರೋರ‍್ಯಾಕ್ ಮಾದರಿ. ಇದಕ್ಕೆ +12 ವೋಲ್ಟ್, −12 ವೋಲ್ಟ್ ಮತ್ತು ಗ್ರೌಂಡ್ ಬೇಕು. +5 ವೋಲ್ಟ್ ಕೆಲವು ಘಟಕಗಳಿಗಷ್ಟೆ.

ಭಾರತದಲ್ಲಿ ಮನೆಗೆ ಬರುವ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ರೆಕ್ಟಿಫೈಯರ್ ಏಕಮುಖವಾಗಿಸುತ್ತದೆ, ಕೆಪಾಸಿಟರ್ ಮತ್ತು ರೆಗ್ಯುಲೇಟರ್ ಏರಿಳಿತ ತಗ್ಗಿಸುತ್ತವೆ. ಸೋಸುವಿಕೆ ಸಾಲದಿದ್ದರೆ 100 ಹರ್ಟ್ಸ್‌ನ ಗುಂಯ್ ಸದ್ದು ನಾದದೊಳಗೆ ಬೆರೆಯುತ್ತದೆ. ರೆಗ್ಯುಲೇಟರ್‌ನಿಂದ, ವಿದ್ಯುತ್ ಹಂಚುವ ಫಲಕವಾದ ಬಸ್‌ಬೋರ್ಡ್ ಮೂಲಕ, 10 ಅಥವಾ 16 ಪಿನ್‌ನ ಪಟ್ಟಿ ಕೇಬಲ್ ಪ್ರತಿ ಘಟಕಕ್ಕೂ ಹೋಗುತ್ತದೆ. ಕೇಬಲ್ಲಿನ ಕೆಂಪು ಅಂಚು ಸಾಮಾನ್ಯವಾಗಿ −12 ವೋಲ್ಟ್ ಬದಿ. ಕೆಂಪನ್ನು ಧನಧ್ರುವವೆಂದು ಬಗೆಯುವ ರೂಢಿ ಇಲ್ಲಿ ಅಪಾಯಕರ. ಕೇಬಲ್ ತಿರುವುಮುರುವಾದರೆ ಐಸಿಗಳು ಸುಡಬಹುದು. ಇದನ್ನು ತಡೆಯಲು ಹಲವು ಘಟಕಗಳಲ್ಲಿ ಡಯೋಡ್ ಇರುತ್ತದೆ. ಪೂರೈಕೆಯ ಸಾಮರ್ಥ್ಯವನ್ನು ಎಲ್ಲ ಘಟಕಗಳು ಎಳೆಯುವ ಮಿಲಿಆಂಪಿಯರ್‌ಗಳನ್ನು ಪ್ರತಿ ವೋಲ್ಟೇಜಿಗೂ ಬೇರೆಯಾಗಿ ಕೂಡಿ, ಅದಕ್ಕಿಂತ ಹೆಚ್ಚಾಗಿ ಇಡಲಾಗುತ್ತದೆ. 230 ವೋಲ್ಟ್ ಬದಿಗೆ ಫ್ಯೂಸ್, ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಅಗತ್ಯ.